ಇಲ್ಲಿ ‘ನೋಡೋಣ’ ಅಂದರೆ ‘ಆಗಲ್ಲ’ ಅಂತ ಅರ್ಥ ಆಗಲ್ಲ

ತಂಗಿ, ಸಾಗರದಿಂದ ಜರ್ಮನಿಗೆ ಬಂದು ಆರು ವಾರ ಆಯ್ತು, ಇಲ್ಲಿಯವರು ಮುಖಕ್ಕೆ ಹೊಡೆದ ಹಾಗೆ ಮಾತಾಡ್ತಾರೆ, ಮೀಟಿಂಗಿನಲ್ಲಿ ಎಲ್ಲರ ಎದುರೇ ‘ಇದು ತಪ್ಪು’ ಅಂದರು, ನನ್ನ ಕಂಡರೆ ಆಗಲ್ವಾ ಅಂತ ಕೇಳಿದ್ದೀಯ. ಹಾಗೇನೂ ಇಲ್ಲ. ನಾನು ತೀರ್ಥಹಳ್ಳಿ ಕಡೆಯವಳು, ಸ್ಟುಟ್‌ಗಾರ್ಟಿಗೆ ಬಂದು ಹದಿನಾಲ್ಕು ವರ್ಷ. ಮೊದಲ ವರ್ಷ ಇಂಥ ಮಾತಿಗೇ ರಾತ್ರಿ ಕೂತು ಅತ್ತಿದ್ದೇನೆ.

ನಮ್ಮೂರಿನ ರೀತಿ ಒಮ್ಮೆ ನೆನಪು ಮಾಡಿಕೋ. ಬಂದವರಿಗೆ ಜಗಲಿಯಲ್ಲಿ ಬೆಲ್ಲ ನೀರು ಕೊಡ್ತೇವೆ. ‘ಊಟ ಮಾಡ್ಕೊಂಡೇ ಹೋಗಿ’ ಅಂದರೆ ‘ಬೇಡ ಬೇಡ, ಈಗಷ್ಟೇ ಆಯ್ತು’ ಅಂತಾರೆ. ಅದನ್ನು ಯಾರೂ ನಂಬಲ್ಲ. ಮೂರನೇ ಸಲ ಕರೆಯುವಷ್ಟರಲ್ಲಿ ಒಳಗೆ ಬಾಳೆಎಲೆ ಹಾಕಿ ಆಗಿರುತ್ತೆ. ಹೊರಡುವಾಗ ‘ಬರ್ತೀನಿ’ ಅಂತಾರೆ, ‘ಹೋಗ್ತೀನಿ’ ಅನ್ನಲ್ಲ. ಅಡಿಕೆ ಕೊಯ್ಲಿಗೆ ಕರೆದಾಗ ‘ನೋಡೋಣ’ ಅಂದವರು ಬರಲ್ಲ ಅಂತಲೇ ಲೆಕ್ಕ. ಬಾಯಲ್ಲಿ ಬರೋದು ಅರ್ಧ, ಉಳಿದದ್ದನ್ನು ಮುಖ ನೋಡಿ ತಿಳಿದುಕೊಳ್ತೇವೆ. ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ 1976ರಲ್ಲಿ ಇಂಥ ಮಾತುಕತೆಯನ್ನು ‘ಹೈ ಕಾಂಟೆಕ್ಸ್ಟ್’ ಅಂತ ಕರೆದರು. ಎಲ್ಲವನ್ನೂ ಬಾಯಿಬಿಟ್ಟೇ ಹೇಳುವುದು ‘ಲೋ ಕಾಂಟೆಕ್ಸ್ಟ್’. ಜರ್ಮನರನ್ನು ಅವರು ಸೇರಿಸಿದ್ದು ಈ ಕಡೆಗೆ. ಎಲ್ಲರೂ ಹಾಗೇ ಅಂತಲ್ಲ, ನಮ್ಮ ಆಫೀಸಿನಲ್ಲೇ ಸುತ್ತಿ ಬಳಸಿ ಮಾತಾಡುವ ಜರ್ಮನರಿದ್ದಾರೆ.

ನನ್ನ ವಿಷಯ ಹೇಳ್ತೀನಿ. ಒಂದು ಮಂಗಳವಾರ ಮೇಲಿನವರು ಬಂದು ‘ಶುಕ್ರವಾರಕ್ಕೆ ರಿಪೋರ್ಟ್ ಆಗುತ್ತಾ?’ ಅಂದರು. ಆಗಲ್ಲ ಅಂತ ನನಗೆ ಗೊತ್ತಿತ್ತು. ಆದರೂ ತಲೆ ಆಡಿಸಿ, ನಕ್ಕು, ‘ಪ್ರಯತ್ನ ಮಾಡ್ತೀನಿ’ ಅಂದೆ. ಊರಲ್ಲಾಗಿದ್ದರೆ ಆ ನಗುವಿನಲ್ಲೇ ತಿಳಿದುಬಿಡುತ್ತಿತ್ತು. ಅವರು ಡೈರಿ ತೆಗೆದು, ಪೆನ್ಸಿಲಿನಲ್ಲಿ ಶುಕ್ರವಾರದ ಎದುರು ಬರೆದುಕೊಂಡು ಹೋದರು. ಆ ಪೆನ್ಸಿಲ್ ನೋಡುತ್ತಾ ನಿಂತೆ, ಬಾಯಿ ಬರಲಿಲ್ಲ. ಶುಕ್ರವಾರ ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಮಂಗಳವಾರವೇ ಯಾಕೆ ಹೇಳಲಿಲ್ಲ?’ ತಡ ಆಗಿದ್ದಕ್ಕೆ ಅವರಿಗೆ ಅಷ್ಟು ಬೇಜಾರಿರಲಿಲ್ಲ. ಅವತ್ತೇ ಗೊತ್ತಾಗಿದ್ದರೆ ಇನ್ನೊಬ್ಬರಿಗೆ ಅರ್ಧ ಕೆಲಸ ಕೊಡಬಹುದಿತ್ತು. ನಾನು ಮರ್ಯಾದೆ ಅಂದುಕೊಂಡಿದ್ದು ಅವರಿಗೆ ಮಾತು ತಪ್ಪಿದ ಹಾಗೆ ಕಂಡಿತ್ತು.

ಈಗ ನಿನ್ನ ಮೀಟಿಂಗಿಗೆ ಬರೋಣ. ‘ಇದು ತಪ್ಪು’ ಅಂದದ್ದು ನಿನ್ನ ಕೆಲಸಕ್ಕೆ, ನಿನಗಲ್ಲ. ಅದೇ ಮಧ್ಯಾಹ್ನ ಅವರೇ ಊಟಕ್ಕೆ ಕರೆದರು ಅಂತ ನೀನೇ ಬರೆದಿದ್ದೀಯ, ಅಲ್ವಾ? ಮನಸ್ಸಿನಲ್ಲಿ ಸಿಟ್ಟಿಟ್ಟುಕೊಂಡವರು ಕರೀತಿದ್ರಾ? ಆದರೆ ಎಲ್ಲರ ಎದುರು ಹೇಳಿದ್ದು ನೋವಾಯ್ತು ಅಂದರೆ ಅದನ್ನೂ ಹೇಳು. ‘ಇಂಥದ್ದನ್ನು ಮೊದಲು ನನಗೊಬ್ಬಳಿಗೇ ಹೇಳಿದರೆ ಒಳ್ಳೆಯದು’ ಅಂತ ಮೆತ್ತಗೆ ಹೇಳಿದರೆ ಸಾಕು. ನಾವು ಮಾತ್ರ ಬದಲಾಗಬೇಕು ಅನ್ನೋದನ್ನು ನಾನು ಒಪ್ಪಲ್ಲ.

ಚಿಕ್ಕ ಪುಟ್ಟದ್ದು ತಾನಾಗೇ ಬರುತ್ತೆ. ಜರ್ಮನ್ ಭಾಷೆಯ ‘ಝೀ’, ‘ಡು’ ನಮ್ಮ ನೀವು, ನೀನು ಇದ್ದ ಹಾಗೆ. ಹಿರಿಯರು ‘ಡು ಅನ್ನು’ ಅನ್ನುವವರೆಗೆ ‘ಝೀ’ ಇರಲಿ. ಬಸ್ಸಿನಲ್ಲಿ ಕೂತವರ ಮಡಿಲಿಗೆ ಬ್ಯಾಗ್ ಕೊಡೋದು ಶಿವಮೊಗ್ಗದ ಬಸ್ಸಿಗೇ ಸರಿ. ಇಲ್ಲಿ ಕಾಫಿ ಬೇಕಾ ಅಂತ ಕೇಳಿದಾಗ ಬೇಡ ಅಂದರೆ ಮತ್ತೆ ಕೇಳಲ್ಲ. ಅದು ಉದಾಸೀನ ಅಲ್ಲ, ನಿನ್ನ ಮಾತನ್ನು ನಂಬಿದ್ದು.

ಈ ತಿಂಗಳ ಕೆಲಸ ಮುಗಿಯಲ್ಲ ಅಂತಲೂ ಬರೆದಿದ್ದೀಯ. ಅದನ್ನು ನನಗಲ್ಲ, ನಿನ್ನ ಮೇಲಿನವರಿಗೆ ಬರೆ, ಇವತ್ತೇ. ‘15ಕ್ಕೆ ಆಗಲ್ಲ, 22ಕ್ಕೆ ಕೊಡ್ತೀನಿ, ಮೊದಲ ಎರಡು ಭಾಗ ಸಿದ್ಧ ಇದೆ’ ಅಂತ. ಕ್ಷಮೆ ಒಂದು ಸಲ ಕೇಳು, ನಾಲ್ಕು ಸಲ ಬೇಡ.

ಭಾನುವಾರ ನಮ್ಮನೆಗೆ ಊಟಕ್ಕೆ ಬಾ. ಅಮ್ಮ ಕಳಿಸಿದ ಅಪ್ಪೆಮಿಡಿ ಉಪ್ಪಿನಕಾಯಿ ಇನ್ನೂ ಒಂದು ಬಾಟಲಿ ಇದೆ. ಬರ್ತೀಯೋ ಇಲ್ವೋ, ಶನಿವಾರ ಸಂಜೆಯೊಳಗೆ ತಿಳಿಸು.