ಚೀಟಿಯಲ್ಲಿ ‘ಪಾಸಿಟಿವ್’ ಎಂದಿದೆ, ಗರ್ಭಚೀಲ ತೆಗೆಸಬೇಕೇ?

ಪ್ರಶ್ನೆ: ನನಗ 38 ವರ್ಷ. ಆಶಾ ಅಕ್ಕಾರು ಕರಕೊಂಡು ಹೋದ ಶಿಬಿರದಾಗ ಒಳಗ ಔಷಧ ಹಚ್ಚಿ ನೋಡಿ ‘ವಿಐಎ ಪಾಸಿಟಿವ್’ ಅಂತ ಚೀಟಿ ಕೊಟ್ಟಾರ. ‘ಕ್ಯಾನ್ಸರ್ ಆಗೂಕಿಂತ ಮೊದ್ಲ ಚೀಲ ತೆಗಿಸಿಬಿಡು’ ಅಂತಾರ ನಮ್ಮ ಅತ್ತಿ. ಕಬ್ಬಿನ ಕಟಾವು ಮುಗಿದ ಮ್ಯಾಲ ಹೋದ್ರ ನಡೀತೈತೇನು?
– ಓದುಗರು, ಮುಧೋಳ ತಾಲ್ಲೂಕು

ಉತ್ತರ: ಈಗಲೇ ಗರ್ಭಚೀಲ ತೆಗೆಸಬೇಡಿ. ಆ ಚೀಟಿ ಕ್ಯಾನ್ಸರ್ ಇದೆ ಎಂದು ಹೇಳುತ್ತಿಲ್ಲ.

ವಿಐಎ ಎಂದರೆ ಗರ್ಭಚೀಲದ ಬಾಯಿಯ ಕ್ಯಾನ್ಸರಿನ ಸುಳಿವು ಹುಡುಕುವ ಮೊದಲ ತಪಾಸಣೆ. ಶಿಬಿರದಲ್ಲಿ ನಿಮ್ಮ ಗರ್ಭಚೀಲದ ಬಾಯಿಗೆ ಶೇ 3ರಿಂದ 5ರಷ್ಟು ತೆಳುವಾದ ಅಸಿಟಿಕ್ ಆಮ್ಲ ಹಚ್ಚಿ, ಒಂದು ನಿಮಿಷ ಬಿಟ್ಟು ನೋಡಿರುತ್ತಾರೆ. ಬದಲಾದ ಜೀವಕೋಶಗಳಿರುವ ಜಾಗ ಬೆಳ್ಳಗಾಗುತ್ತದೆ. ಆದರೆ ಸೋಂಕು, ಉರಿಯೂತ ಇದ್ದರೂ ಬೆಳ್ಳಗಾಗುವುದುಂಟು. ಅದಕ್ಕೇ ಮುಂದೆ ಕಾಲ್ಪೊಸ್ಕೋಪಿ ಬೇಕು: ಅದೇ ಜಾಗವನ್ನು ಮಸೂರದಲ್ಲಿ ದೊಡ್ಡದಾಗಿ ನೋಡಿ, ಸಂಶಯ ಬಂದಲ್ಲಿಂದ ಜೋಳದ ಕಾಳಿನಷ್ಟು ಚೂರು ತೆಗೆದು ಬಯಾಪ್ಸಿಗೆ (ಸೂಕ್ಷ್ಮದರ್ಶಕದ ಪರೀಕ್ಷೆಗೆ) ಕಳಿಸುತ್ತಾರೆ. ಚಿವುಟಿದಷ್ಟು ನೋವು, ಒಂದೆರಡು ದಿನ ರಕ್ತದ ಕಲೆ, ಅಷ್ಟೇ. ಮುಟ್ಟಿನ ದಿನಗಳನ್ನು ಬಿಟ್ಟು ಹೋಗಿ. ಹಿಂದಿನ ಎರಡು ದಿನ ಗಂಡ-ಹೆಂಡತಿ ಸೇರುವುದು, ಒಳಗೆ ಮಾತ್ರೆ ಇಡುವುದು ಬೇಡ.

ಬಯಾಪ್ಸಿಗೂ ಮೊದಲೇ ಚೀಲ ತೆಗೆಸಿದರೆ ಏನಾಗುತ್ತದೆ? ಒಳಗೆ ನಿಜಕ್ಕೂ ಕ್ಯಾನ್ಸರ್ ಇದ್ದರೆ ಬರೀ ಚೀಲ ತೆಗೆಯುವುದು ಹೆಚ್ಚಿನವರಿಗೆ ಸಾಲದು; ಸುತ್ತಲಿನ ಅಂಗಾಂಶ, ದುಗ್ಧರಸ ಗ್ರಂಥಿಗಳನ್ನೂ (ಲಿಂಫ್ ನೋಡ್) ತೆಗೆಯಬೇಕು, ಇಲ್ಲವೇ ರೇಡಿಯೇಷನ್ ಕೊಡಬೇಕು. ಅರೆಬರೆ ಆಪರೇಷನ್ ಆದ ಮೇಲೆ ಇವೆಲ್ಲ ಕಷ್ಟವಾಗುತ್ತವೆ. ಕ್ಯಾನ್ಸರ್ ಇಲ್ಲದಿದ್ದರೆ? ಸುಮ್ಮನೆ ಚೀಲ ಹೋಯಿತು. ಅದರ ಜತೆ ಅಂಡಾಶಯವನ್ನೂ ತೆಗೆದರೆ 38ರಲ್ಲೇ ಮೂಳೆ ಸವೆಯಲು ಶುರು. ಈ ಅನ್ಯಾಯ ನಿಮಗಾಗಬಾರದು.

ಬಯಾಪ್ಸಿಯಲ್ಲಿ ಕ್ಯಾನ್ಸರಿನ ಪೂರ್ವಹಂತ ಎಂದು ಬಂದರೆ, ಆ ಜಾಗವನ್ನಷ್ಟೇ ಬಿಸಿ ಮೊನೆಯಿಂದ ಸುಡುತ್ತಾರೆ, ಇಲ್ಲವೇ ತಂತಿಯ ಕುಣಿಕೆಯಿಂದ ಕೆತ್ತಿ ತೆಗೆಯುತ್ತಾರೆ. ಸಾಮಾನ್ಯವಾಗಿ ಅಂದೇ ಮನೆಗೆ ಬರಬಹುದು. ಕೆಲವು ವಾರ ನೀರಿನಂಥ ಸ್ರಾವ ಇರುತ್ತದೆ. ಒಂದು ತಿಂಗಳು ಸೇರುವುದು ಬೇಡ. ವರ್ಷದ ನಂತರ ಮತ್ತೆ ತೋರಿಸಲೇಬೇಕು.

ಕಟಾವಿನ ಮಾತು: ಪೂರ್ವಹಂತ ಕ್ಯಾನ್ಸರಾಗಲು ಸಾಮಾನ್ಯವಾಗಿ ವರ್ಷಗಳೇ ಹಿಡಿಯುತ್ತವೆ, ಕೆಲವು ವಾರಗಳಿಂದ ಅನಾಹುತವಾಗದು. ಆದರೆ ಕಾಲ್ಪೊಸ್ಕೋಪಿ ಅರ್ಧ ದಿನದ ಕೆಲಸ, ಮುಂದೂಡಿದ ಚೀಟಿ ಕಳೆದೇ ಹೋಗುತ್ತದೆ. ಸೇರಿದ ಮೇಲೆ ರಕ್ತ, ಎರಡು ಮುಟ್ಟಿನ ನಡುವೆ ರಕ್ತ, ವಾಸನೆಯ ಬಿಳಿ ಸೆರಗು ಇದ್ದರಂತೂ ಈ ವಾರವೇ ಹೋಗಿ. ಬಾಗಲಕೋಟೆ ಜಿಲ್ಲಾಸ್ಪತ್ರೆಯ ಸ್ತ್ರೀರೋಗ ವಿಭಾಗದಲ್ಲಿ ವಿಚಾರಿಸಿ. ಚೀಟಿ, ಆಧಾರ್, ರೇಷನ್ ಕಾರ್ಡ್ ಜತೆಗಿರಲಿ: ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ.

ಪ್ರಶ್ನೆ: ಅವ್ವಗ 56 ವರ್ಷ. ಮುಟ್ಟು ನಿಂತು ಐದು ವರ್ಷ ಆಗೇತಿ, ಈಗ ಮತ್ತ ಕಲೆ ಕಾಣ್ತಾವ. ಉಷ್ಣ ಆಗಿರಬೇಕು ಅಂತಾಳ. ವಿಐಎ ಮಾಡಸ್ಲೇನು?
– ಓದುಗರು, ಸಿಂದಗಿ

ಉತ್ತರ: ಉಷ್ಣವಲ್ಲ. ಒಂದು ಹನಿಯಾದರೂ ತೋರಿಸಿ. ಇವರಿಗೆ ವಿಐಎ ನಂಬುವಂತಿಲ್ಲ; ಈ ವಯಸ್ಸಿಗೆ ನೋಡಬೇಕಾದ ಜಾಗ ಒಳಕ್ಕೆ ಸರಿದಿರುತ್ತದೆ. ಸ್ತ್ರೀರೋಗ ತಜ್ಞರು ಗರ್ಭಚೀಲದ ಬಾಯಿ ಪರೀಕ್ಷಿಸಿ, ಸ್ಕ್ಯಾನಿಂಗ್‌ನಲ್ಲಿ ಗರ್ಭಚೀಲದ ಒಳಪದರ ಅಳೆಯಲಿ. 4 ಮಿಲಿಮೀಟರ್ ಮೀರಿದ್ದರೆ ಒಳಪದರದ ಬಯಾಪ್ಸಿ ಬೇಕು. ಅದಕ್ಕಿಂತ ತೆಳ್ಳಗಿದ್ದೂ ಕಲೆ ಮತ್ತೆ ಮತ್ತೆ ಕಂಡರೆ, ಆಗಲೂ ಬೇಕು.