ಸಂಪಾದಕರ ಉತ್ತರ: ಕಾಲೇಜಿನ ಸ್ವಾತಂತ್ರ್ಯಕ್ಕೆ ಬೆಲೆ ತೆರುವವರು ಯಾರು?

ಪತ್ರದ ಸಾರ: ಶಿವಮೊಗ್ಗ ಕಡೆಯವರಾದ, ಈಗ ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜೊಂದರಲ್ಲಿ (ಎರಡು ವರ್ಷ ಓದಿ ವಿಶ್ವವಿದ್ಯಾಲಯಕ್ಕೆ ಹೋಗಬಹುದಾದ ಸರ್ಕಾರಿ ಕಾಲೇಜು) ಗಣಿತ ಕಲಿಸುತ್ತಿರುವ ಓದುಗರೊಬ್ಬರು ಬರೆದಿದ್ದಾರೆ: “ರಾಜ್ಯದ ಎಲ್ಲ ಕಮ್ಯುನಿಟಿ ಕಾಲೇಜುಗಳಿಗೂ ಒಂದೇ ಅರ್ಜಿ, ಒಂದೇ ಕೋರ್ಸ್ ಸಂಖ್ಯೆ, ಒಂದೇ ನಿಯಮ ಎಂದು ರಾಜಧಾನಿಯಲ್ಲಿ ಕುಳಿತವರು ತೀರ್ಮಾನಿಸುತ್ತಿದ್ದಾರೆ. ಊರಿನ ಅಗತ್ಯಕ್ಕೆಂದು ಹುಟ್ಟಿದ ಕಾಲೇಜುಗಳು ತಮ್ಮತನವನ್ನೇ ಕಳೆದುಕೊಳ್ಳುತ್ತಿವೆ. ವಿಕೇಂದ್ರೀಕರಣದ ಪರವಾಗಿ ಸದಾ ಬರೆಯುವ ನಿಮ್ಮ ಪತ್ರಿಕೆ ಇದಕ್ಕೇನು ಹೇಳುತ್ತದೆ?”

ಮೇಡಂ,

ನಿಮ್ಮ ಪತ್ರದಲ್ಲಿ ಒಪ್ಪಬೇಕಾದ್ದನ್ನು ಮೊದಲೇ ಒಪ್ಪಿಬಿಡುತ್ತೇನೆ. 1910ರಲ್ಲಿ ಫ್ರೆಸ್ನೊದಲ್ಲಿ ಶುರುವಾದಾಗಿನಿಂದ ನಿಮ್ಮಲ್ಲಿಯ ಈ ಕಾಲೇಜುಗಳು ಊರಿನವರೇ ಕಟ್ಟಿಕೊಂಡವು. ಈಗಲೂ 73 ಕಾಲೇಜು ಜಿಲ್ಲೆಗಳಲ್ಲಿ ಒಂದನ್ನು ಬಿಟ್ಟು ಉಳಿದವಕ್ಕೆಲ್ಲ ಊರಿನವರೇ ಆರಿಸಿದ ಆಡಳಿತ ಮಂಡಳಿಗಳಿವೆ. ಬೇಸಾಯದ ಸೀಮೆಯ ಕಾಲೇಜು ಕಲಿಸಬೇಕಾದ್ದು ಬೇರೆ, ಸಿಲಿಕಾನ್ ಕಣಿವೆಯದು ಬೇರೆ. ಎಲ್ಲರಿಗೂ ಒಂದೇ ಎಂದು ಮಾಡಿದ ಆನ್‌ಲೈನ್ ಅರ್ಜಿಯ ಮೂಲಕ, ಹಣಕಾಸು ನೆರವು ಕಬಳಿಸುವ ನಕಲಿ ವಿದ್ಯಾರ್ಥಿಗಳು ನುಗ್ಗಿದ್ದೂ ನಿಜ. ಉಳಿದ ವಿಷಯದಲ್ಲಿ ನಾನು ನಿಮ್ಮ ಜೊತೆಗಿಲ್ಲ.

ಬೇಸರಿಸಬೇಡಿ. ನಿಮ್ಮ ದೀರ್ಘ ಪತ್ರದಲ್ಲಿ ಕಾಲೇಜು ಇದೆ, ಅಧ್ಯಾಪಕರಿದ್ದಾರೆ, ಅಧ್ಯಾಪಕರ ಸಭೆಯಾದ ಸೆನೆಟ್ ಇದೆ, ಪರಂಪರೆ ಇದೆ. ವಿದ್ಯಾರ್ಥಿ ಒಂದು ಸಾಲಿನಲ್ಲಿಯೂ ಇಲ್ಲ. ಹಗಲು ಅಂಗಡಿಯಲ್ಲಿ ದುಡಿದು, ಸಂಜೆ ಹತ್ತಿರದ ಕಾಲೇಜಿನಲ್ಲಿ ಒಂದು ಕೋರ್ಸು, ಅಲ್ಲಿ ಸೀಟು ಸಿಗದಿದ್ದರೆ ಪಕ್ಕದ ಊರಿನಲ್ಲಿ ಇನ್ನೊಂದು ಕೋರ್ಸು ಎಂದು ಓದುವವರು ನಿಮ್ಮ ಮುಂದೆಯೇ ಕುಳಿತಿರುತ್ತಾರೆ. 116 ಕಾಲೇಜುಗಳಲ್ಲಿ ಒಂದೇ ಸಂಖ್ಯಾಶಾಸ್ತ್ರಕ್ಕೆ ಒಂದೊಂದು ಕಡೆ ಒಂದೊಂದು ಸಂಖ್ಯೆ, ಒಂದೊಂದು ಹೆಸರು ಇರುತ್ತಿತ್ತು. ವಿಶ್ವವಿದ್ಯಾಲಯಕ್ಕೆ ಹೋದಾಗ “ಇದು ನಮ್ಮದಕ್ಕೆ ಹೊಂದುವುದಿಲ್ಲ” ಎಂಬ ಉತ್ತರ ಬರುತ್ತಿತ್ತು. ಅಮೆರಿಕದ ಸಂಸತ್ತಿಗೆ ವರದಿ ಮಾಡುವ ಸರ್ಕಾರಿ ಲೆಕ್ಕ ತಪಾಸಣಾ ಕಚೇರಿ 2017ರಲ್ಲಿ ಹೇಳಿದ್ದನ್ನು ನೀವು ಓದಿರುತ್ತೀರಿ: 2004ರಿಂದ 2009ರ ನಡುವೆ ಕಾಲೇಜು ಬದಲಿಸಿದ ವಿದ್ಯಾರ್ಥಿಗಳು ಗಳಿಸಿದ್ದ ಕ್ರೆಡಿಟ್‌ಗಳಲ್ಲಿ, ಅಂದರೆ ಕೋರ್ಸು ಮುಗಿಸಿದ್ದಕ್ಕೆ ಪದವಿಯ ಲೆಕ್ಕಕ್ಕೆ ಸೇರುವ ಅಂಶಗಳಲ್ಲಿ, ಅಂದಾಜು ಶೇ 43ರಷ್ಟನ್ನು ಕಳೆದುಕೊಂಡರು. ಹೀಗೆ ಹೋದ ಪ್ರತಿ ಕ್ರೆಡಿಟ್ಟಿನ ಹಿಂದೆಯೂ ಕಟ್ಟಿದ ಶುಲ್ಕವಿದೆ, ನಿದ್ದೆಗೆಟ್ಟ ರಾತ್ರಿಗಳಿವೆ, ಮತ್ತೆ ಅದೇ ಪಾಠಕ್ಕೆ ಕೂರಬೇಕಾದ ಅವಮಾನವಿದೆ.

ಹಾಗಿರುವಾಗ ಕ್ಯಾಲಿಫೋರ್ನಿಯಾದ 2021ರ ಕಾನೂನು ಮಾಡಿದ್ದಾದರೂ ಏನು? ಒಂದೇ ಬಗೆಯ ಕೋರ್ಸಿಗೆ ರಾಜ್ಯದುದ್ದಕ್ಕೂ ಒಂದೇ ಸಂಖ್ಯೆ ಇರಲಿ ಎಂದಿತು. 2025ರಲ್ಲಿ ಹೀಗೆ ಬಂದ ಮೊದಲ ಕೋರ್ಸುಗಳಲ್ಲಿ ನಿಮ್ಮ ಸಂಖ್ಯಾಶಾಸ್ತ್ರವೂ ಸೇರಿದೆ: ಸ್ಟ್ಯಾಟ್ ಸಿ1000. ಅದರ ನಮೂನೆಯಲ್ಲಿ ಎಲ್ಲ ಕಡೆಯೂ ಒಂದೇ ಆಗಿರಬೇಕಾದ ಭಾಗವಿದೆ, ಪ್ರತಿ ಕಾಲೇಜು ತಾನೇ ಸೇರಿಸಿಕೊಳ್ಳಬಹುದಾದ ಭಾಗವೂ ಇದೆ. ದ್ರಾಕ್ಷಿ ಬೆಳೆಗಾರರ ಮಕ್ಕಳಿಗೆ ದ್ರಾಕ್ಷಿಯ ಇಳುವರಿಯ ಲೆಕ್ಕವನ್ನೇ ಹಾಕಿಸಿ, ಯಾರು ಬೇಡವೆಂದರು? ಪ್ರವೇಶದ ವೇಳೆ ನಡೆಯುತ್ತಿದ್ದ ಗಣಿತ ಪರೀಕ್ಷೆಯ ಕಥೆ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಪಾಸಾಗುವ ಗೆರೆಯನ್ನು ಆಯಾ ಕಾಲೇಜೇ ಎಳೆಯುತ್ತಿತ್ತು. ಒಂದು ಕಾಲೇಜಿನಲ್ಲಿ ನೇರವಾಗಿ ಪದವಿಮಟ್ಟದ ಗಣಿತಕ್ಕೆ ಕೂರಬಲ್ಲ ಹುಡುಗ, ಪಕ್ಕದ ಊರಿನಲ್ಲಿ ವರ್ಷಗಟ್ಟಲೆ ತಳಪಾಯದ ತರಗತಿಗಳಲ್ಲಿ ಕೊಳೆಯಬೇಕಿತ್ತು. 2017ರ ಕಾಯ್ದೆ ಪ್ರೌಢಶಾಲೆಯ ಅಂಕಗಳನ್ನೇ ನೋಡಿ ಎಂದಿತು. ಆಮೇಲೆ ಮೊದಲ ವರ್ಷದಲ್ಲೇ ಪದವಿಮಟ್ಟದ ಗಣಿತ ದಾಟಿದವರ ಸಂಖ್ಯೆ ಏರಿತು.

ನಮ್ಮ ಕಡೆಯದನ್ನೂ ಕೇಳಿ. ತಂದೆಗೆ ವರ್ಗವಾಯಿತೆಂದು ನಮ್ಮ ಬೀದಿಯ ಹುಡುಗಿಯೊಬ್ಬಳು ಬಿ.ಕಾಂ. ನಡುವೆ ಕಾಲೇಜು ಬದಲಿಸಬೇಕಾಯಿತು. ಟಿ.ಸಿ., ನಡತೆ ಪ್ರಮಾಣಪತ್ರ, ವಲಸೆ ಪ್ರಮಾಣಪತ್ರ ಎಲ್ಲವೂ ಇದ್ದವು. ಹೊಸ ಕಾಲೇಜಿನ ಗುಮಾಸ್ತರು ಕಾಗದ ತಿರುವಿ ನೋಡಿ, ಸೀಲು ಅರ್ಧ ಫೋಟೊದ ಮೇಲೆ, ಅರ್ಧ ಕಾಗದದ ಮೇಲೆ ಬೀಳಬೇಕಿತ್ತು, ಇಲ್ಲಿ ಪೂರ್ತಿ ಕಾಗದದ ಮೇಲೇ ಬಿದ್ದಿದೆ ಎಂದರು. ಹೆಸರಿನ ಇನಿಷಿಯಲ್ ಒಂದರಲ್ಲಿ ಮುಂದಿದೆ, ಇನ್ನೊಂದರಲ್ಲಿ ಹಿಂದಿದೆ ಎಂದರು. ಅವರು ಕೆಟ್ಟವರಲ್ಲ, ಕೂರಿಸಿ ನೀರು ಕೊಟ್ಟರು. “ನಮ್ಮಲ್ಲಿ ಹೀಗೇ ನಡೆದುಕೊಂಡು ಬಂದಿದೆಯಮ್ಮಾ” ಎಂದರು. ಎಲ್ಲಿ ಬರೆದಿದೆ ಎಂದು ಜೊತೆಗಿದ್ದ ನಾನು ಕೇಳಿದೆ. ಎಲ್ಲಿಯೂ ಬರೆದಿರಲಿಲ್ಲ. ಸೀಲು ಸರಿಮಾಡಿಸಲು ಹುಡುಗಿ ರಾತ್ರಿ ಬಸ್ಸು ಹತ್ತಿದಳು. ಅದೇ ವಾರ ಇಂಥದೇ ಕಾಗದ ಹಿಡಿದು ಬಂದ ಇನ್ನೊಬ್ಬ ಹುಡುಗನ ಕೆಲಸ ಒಂದು ಫೋನಿನಲ್ಲಿ ಮುಗಿಯಿತು. ಅವನ ಮಾವ ಸೂಪರಿಂಟೆಂಡೆಂಟರ ಪರಿಚಯದವರು.

ಕಾಲೇಜಿಗೊಂದು ಪದ್ಧತಿ ಇದ್ದಾಗ ಅದನ್ನು ಬಲ್ಲವರೇ ಗೆಲ್ಲುತ್ತಾರೆ. ಅಪ್ಪನೋ ಚಿಕ್ಕಪ್ಪನೋ ಕಾಲೇಜು ಕಂಡಿರುವ ಮನೆಯ ಮಕ್ಕಳಿಗೆ ಯಾರನ್ನು ಕೇಳಬೇಕೆಂದು ಗೊತ್ತಿರುತ್ತದೆ. ಮನೆಯಲ್ಲಿ ಮೊದಲ ಬಾರಿಗೆ ಪದವಿಗೆ ಬಂದ ಮಗುವಿಗೆ ಬರೆದಿಟ್ಟ ನಿಯಮ ಬಿಟ್ಟರೆ ಬೇರೆ ಬಂಧುವಿಲ್ಲ. ಆ ನಿಯಮ ಬೀದರಿನಲ್ಲೂ ಚಾಮರಾಜನಗರದಲ್ಲೂ ಒಂದೇ ಆಗಿರಬೇಕು ಎಂದು ನಾನು ಹಟ ಹಿಡಿಯುವುದು ಅದಕ್ಕೇ.

ವಿಕೇಂದ್ರೀಕರಣದ ಮಾತೆತ್ತಿ ನನ್ನನ್ನು ಕೆಣಕಿದ್ದೀರಿ. ಕರ್ನಾಟಕದ ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರನ್ನು ನೆನೆಯದೆ ನಾನು ಆ ಪದವನ್ನು ಬರೆಯಲಾರೆ. 1983ರ ಕಾಯ್ದೆ ಜಿಲ್ಲಾ ಪರಿಷತ್ತಿಗೆ, ಮಂಡಲ ಪಂಚಾಯತಿಗೆ ಅಧಿಕಾರ ಕೊಟ್ಟಿತು. ಮತ ಹಾಕುವ ವಿಧಾನವನ್ನು ಜಿಲ್ಲೆಗೊಂದರಂತೆ ಮಾಡಿಕೊಳ್ಳಿ ಎಂದು ಅದು ಹೇಳಲಿಲ್ಲ. ಕಾಯ್ದೆ ಇಡೀ ರಾಜ್ಯಕ್ಕೆ ಒಂದೇ ಆಗಿದ್ದರಿಂದಲೇ ಕಡುಬಡವನೂ ತನ್ನ ಹಕ್ಕು ಇಷ್ಟು ಎಂದು ಕೈತೋರಿಸಿ ಕೇಳಬಹುದಾಗಿತ್ತು. ಏನು ಕಲಿಸಬೇಕೆಂಬುದನ್ನು ಊರು ಹೇಳಲಿ, ಅಧ್ಯಾಪಕರು ಹೇಳಲಿ. ಅರ್ಜಿಯ ನಮೂನೆಗೂ ಊರಿನ ಅಸ್ಮಿತೆಗೂ ಏನು ಸಂಬಂಧ?

ನಮ್ಮಲ್ಲಿ 2021–22ರಿಂದ ವಿಶ್ವವಿದ್ಯಾಲಯ, ಕಾಲೇಜುಗಳಿಗೆ ಯುಯುಸಿಎಂಎಸ್ ಎಂಬ ಏಕೀಕೃತ ತಂತ್ರಾಂಶ ಬಂತು. ಪ್ರವೇಶದಿಂದ ಅಂಕಪಟ್ಟಿಯವರೆಗೆ ಎಲ್ಲವೂ ಅದರಲ್ಲೇ. ಫಲಿತಾಂಶ ತಡವಾದಾಗ ಅದನ್ನು ಬೈಯುತ್ತೇವೆ, ಬೈಯಬೇಕಾದ್ದೇ. ನನ್ನ ಸಿಟ್ಟು ಮಾತ್ರ ಬೇರೆಯದರ ಮೇಲೆ. ಪರದೆಯ ಮೇಲೆ ಎಲ್ಲವನ್ನೂ ತುಂಬಿಸಿಕೊಂಡು, ಅದನ್ನೇ ಪ್ರಿಂಟ್ ತೆಗೆದು ಜೆರಾಕ್ಸ್ ಸಮೇತ ಕಚೇರಿಗೆ ತನ್ನಿ ಎನ್ನುವ ಅಭ್ಯಾಸ ಹೋಗಿಲ್ಲ. ನಾಡಕಚೇರಿ ಕೊಟ್ಟ ಜಾತಿ, ಆದಾಯ ಪ್ರಮಾಣಪತ್ರದ ಮೇಲೆ ಆರ್‌ಡಿ ಸಂಖ್ಯೆ ಇರುತ್ತದೆ. ಅದನ್ನು ಕಂಪ್ಯೂಟರಿನಲ್ಲಿ ಒತ್ತಿ ನೋಡಿದರೆ ಸಾಕು, ಪ್ರಮಾಣಪತ್ರ ಅಸಲಿಯೇ ಎಂದು ಗೊತ್ತಾಗುತ್ತದೆ, ಆದರೂ ದೃಢೀಕರಿಸಿದ ಪ್ರತಿ ಬೇಕು. ನಮ್ಮವರೇ ಆದ ವೀರಪ್ಪ ಮೊಯ್ಲಿ ಅಧ್ಯಕ್ಷರಾಗಿದ್ದ ಎರಡನೇ ಆಡಳಿತ ಸುಧಾರಣಾ ಆಯೋಗ, ಜನರ ಸ್ವಯಂ ದೃಢೀಕರಣವನ್ನೇ ನಂಬಿ ಎಂದು ಶಿಫಾರಸು ಮಾಡಿತ್ತು. ಮೂಲ ಪ್ರಮಾಣಪತ್ರಗಳನ್ನು ಕಾಲೇಜು ಇಟ್ಟುಕೊಳ್ಳಕೂಡದು ಎಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2018ರಲ್ಲಿ ಹೇಳಿತು. ಹೇಳಿದ್ದು ಕೌಂಟರಿನ ಕಿಟಕಿಯವರೆಗೆ ಬರುವುದೇ ಇಲ್ಲ. ಪಡಿತರಕ್ಕೂ ಪಿಂಚಣಿಗೂ ಇದೇ ಪಾಡು: ಸರ್ಕಾರದ ಬಳಿ ಇರುವ ಮಾಹಿತಿಯನ್ನು ಸರ್ಕಾರಕ್ಕೇ ಹೊತ್ತು ತಂದುಕೊಡುವ ಕೂಲಿಯನ್ನು ಬಡವರಿಂದ ಮಾಡಿಸುತ್ತಿದ್ದೇವೆ, ಅದೂ ದಿನಗೂಲಿ ಬಿಡಿಸಿ.

ನೀವು ಒಳ್ಳೆಯ ಮೇಷ್ಟರು ಎಂಬುದು ನಿಮ್ಮ ಪತ್ರದ ಪ್ರತಿ ಸಾಲಿನಲ್ಲೂ ಕಾಣುತ್ತದೆ, ಅದಕ್ಕೇ ಇಷ್ಟು ಬರೆದೆ. ಈ ಅವಧಿಯಲ್ಲಿ ನಿಮ್ಮ ಸ್ಟ್ಯಾಟ್ ಸಿ1000 ತರಗತಿಗೆ ಬೇರೆ ಕಾಲೇಜಿನಿಂದ ಬಂದವರು ಇದ್ದೇ ಇರುತ್ತಾರೆ. ಅಲ್ಲಿಂದ ಎಷ್ಟು ಕ್ರೆಡಿಟ್ ತಂದಿರಿ, ಎಷ್ಟು ಕಳೆದುಕೊಂಡಿರಿ, ಯಾವ ಕಚೇರಿಗೆ ಎಷ್ಟು ಸಲ ಅಲೆದಿರಿ ಎಂದು ಕೇಳಿ ಬರೆದು ಕಳಿಸಿ. ಅವರು ನಿಮ್ಮ ವಾದವನ್ನೇ ಎತ್ತಿಹಿಡಿದರೂ ಒಂದು ಸಾಲನ್ನೂ ಕತ್ತರಿಸದೆ ಪ್ರಕಟಿಸುತ್ತೇನೆ.

— ಸಂಪಾದಕ