ಮುಳ್ಳು ಎಣಿಸಿ ಪಾಚಿಗೆ ಹೆಸರಿಡಬಹುದೇ?

ಪ್ರಶ್ನೆ: ನಮ್ಮೂರ ಕೆರೆಯ ನೀರಿನಲ್ಲಿ ನಾಲ್ಕು ಕೋಶಗಳು ಅಂಟಿಕೊಂಡು ಸಾಲಾಗಿ ನಿಂತ, ಮುಳ್ಳಿರುವ ಹಸಿರು ಪಾಚಿ ಸಿಕ್ಕಿದೆ. ಹಳೆಯ ಪುಸ್ತಕಗಳಲ್ಲಿ ಇದು ಸೀನೆಡೆಸ್ಮಸ್ ಕ್ವಾಡ್ರಿಕಾಡ, ಈಚಿನ ಪಟ್ಟಿಗಳಲ್ಲಿ ಡೆಸ್ಮೋಡೆಸ್ಮಸ್. ಕೆಲವಕ್ಕೆ ನಾಲ್ಕು ಮುಳ್ಳು, ಕೆಲವಕ್ಕೆ ಎರಡೇ. ಹೊಸ ಪ್ರಭೇದವಿರಬಹುದೇ?

ಉತ್ತರ: ಕುಲದ ಹೆಸರು ಡೆಸ್ಮೋಡೆಸ್ಮಸ್ ಎಂದೇ ಬರೆಯಿರಿ. ಡಿಎನ್‌ಎ ಹೋಲಿಕೆಯ ಆಧಾರದ ಮೇಲೆ 1999ರಲ್ಲಿ ಮುಳ್ಳಿನ ಗುಂಪನ್ನು ಸೀನೆಡೆಸ್ಮಸ್‌ನಿಂದ ಬೇರ್ಪಡಿಸಿದರು. ಮುಳ್ಳಿಲ್ಲದೆ ತುದಿ ಮೊಂಡಾಗಿರುವವು ಸೀನೆಡೆಸ್ಮಸ್‌ನಲ್ಲೇ ಉಳಿದವು. ತುದಿ ಚೂಪಾಗಿರುವ ಹಲವು ಪ್ರಭೇದಗಳನ್ನು ಈಗ ಟೆಟ್ರಾಡೆಸ್ಮಸ್ ಎನ್ನುತ್ತಾರೆ. ಹಳೆಯ ವರದಿಗಳ 'ಕ್ವಾಡ್ರಿಕಾಡ'ಗಳಲ್ಲಿ ಬಹಳಷ್ಟು ಇಂದಿನ ಡೆಸ್ಮೋಡೆಸ್ಮಸ್ ಕಮ್ಯುನಿಸ್. ಹಾಗಾಗಿ ಹಳೆಯ ಪಟ್ಟಿಯ ಹೆಸರನ್ನು ಚಿತ್ರ ನೋಡದೆ ನಕಲು ಮಾಡಬೇಡಿ.

ಮುಳ್ಳಿನ ಲೆಕ್ಕವನ್ನು ಮಾತ್ರ ನಂಬಿ ಹೊಸ ಪ್ರಭೇದ ಎನ್ನಲಾಗದು. ಈ ಪಾಚಿಗಳು ಸನ್ನಿವೇಶಕ್ಕೆ ತಕ್ಕಂತೆ ರೂಪ ಬದಲಿಸುತ್ತವೆ. ಪ್ರಯೋಗಾಲಯದಲ್ಲಿ ಬೆಳೆಸಿದರೆ ಸಾಲು ಒಡೆದು ಒಂಟಿ ಕೋಶಗಳಾಗುವುದುಂಟು. ಪಾಚಿ ತಿನ್ನುವ ಡಾಫ್ನಿಯಾ ಎಂಬ ಪುಟ್ಟ ಜಲಜೀವಿ ನೀರಿಗೆ ಬಿಡುವ ರಾಸಾಯನಿಕ ತಾಗಿದರೂ ಸಾಕು, ಒಂಟಿ ಕೋಶಗಳು ಮತ್ತೆ ಸಾಲುಗಟ್ಟುತ್ತವೆ. ಒಂದೇ ತಳಿಯಲ್ಲಿ ಇಷ್ಟೆಲ್ಲ ಬದಲಾವಣೆ ಸಾಧ್ಯ.

20 ಮೈಕ್ರಾನ್ ಕಣ್ಣಿನ ಬಲೆಯಿಂದ ನೀರು ಸೋಸಿ, ಅಂದೇ ಪಾಚಿಯನ್ನು ಜೀವಂತವಾಗಿ ಸೂಕ್ಷ್ಮದರ್ಶಕದಲ್ಲಿ ನೋಡಿ. ಮಾದರಿ ಉಳಿಸಲು ಅಯೋಡಿನ್ ಹಾಕಿದ ಮೇಲೆ ಹರಿತ್ತಿನ ನಿಜವಾದ ಬಣ್ಣ ಕಾಣದು. ಮುಳ್ಳು ಬಹಳ ತೆಳು. ಸೂಕ್ಷ್ಮದರ್ಶಕದ ಕಂಡೆನ್ಸರ್‌ನಲ್ಲಿ ಬೆಳಕು ಹೊಂದಿಸುವ ಡಯಾಫ್ರಾಂ ಸ್ವಲ್ಪ ಮುಚ್ಚಿ, ಬೆಳಕು ಹೆಚ್ಚಾದರೆ ಮುಳ್ಳು ಕಣ್ಣಿಗೆ ಮಾಯವಾಗುತ್ತದೆ. ಕನಿಷ್ಠ 30 ಸಾಲುಗಳಲ್ಲಿ ಕೋಶದ ಉದ್ದಗಲ, ಮುಳ್ಳಿನ ಉದ್ದ, ಮುಳ್ಳು ಹೊರಡುವ ಜಾಗ ಎಲ್ಲವನ್ನೂ ಅಳೆಯಿರಿ. ಕೋಶಭಿತ್ತಿಯ ಏಣು, ಗುಬುಟು ನೋಡಲು 100 ಪಟ್ಟಿನ ಎಣ್ಣೆ ಮಸೂರ ಬೇಕು. ಕೆಲವು ಪ್ರಭೇದಗಳ ಭಿತ್ತಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಮಾತ್ರ ಸ್ಪಷ್ಟ.

ಮಾದರಿ ಉಳಿಸಲು ಲೂಗಾಲ್ ದ್ರಾವಣ ಸಾಕು. 10 ಗ್ರಾಂ ಪೊಟ್ಯಾಸಿಯಂ ಅಯೋಡೈಡನ್ನು 20 ಮಿ.ಲೀ. ನೀರಿನಲ್ಲಿ ಮೊದಲು ಕರಗಿಸಿ, ಬಳಿಕ 5 ಗ್ರಾಂ ಅಯೋಡಿನ್ ಸೇರಿಸಿ, 100 ಮಿ.ಲೀ.ಗೆ ತುಂಬಿಸಿ. ಅಯೋಡಿನ್ನನ್ನು ಬರೀ ನೀರಿಗೆ ಹಾಕಿದರೆ ತೀರಾ ಅಲ್ಪ ಮಾತ್ರ ಕರಗುತ್ತದೆ. 100 ಮಿ.ಲೀ. ಮಾದರಿಗೆ ಸುಮಾರು 1 ಮಿ.ಲೀ. ಬೆರೆಸಿ, ಕಡು ಚಹಾದ ಬಣ್ಣ ಬರಬೇಕು. ಇದರಿಂದ ಹಸಿರು ಪಾಚಿಯ ಪಿಷ್ಟ ನೀಲಿ ಕಪ್ಪಾಗುತ್ತದೆ, ಹಸಿರಾಗಿಯೇ ಕಾಣುವ ಏಕಕೋಶಿ ಯೂಗ್ಲೀನಾದಲ್ಲಿ ಹಾಗಾಗದು.

ಹೊಸ ಪ್ರಭೇದವೆಂದು ಪ್ರಕಟಿಸಲು ಲ್ಯಾಟಿನ್ ಅಥವಾ ಇಂಗ್ಲಿಷ್ ವಿವರಣೆ, ಚಿತ್ರ, ಹೆಸರಿಗೆ ಆಧಾರವಾಗಿ ಉಳಿಸಿದ ಸಂರಕ್ಷಿತ ಮೂಲ ಮಾದರಿ ಬೇಕು. ಬೆಳೆಯುತ್ತಿರುವ ಜೀವಂತ ತಳಿಯನ್ನು ಮೂಲ ಮಾದರಿಯಾಗಿ ಇಡುವಂತಿಲ್ಲ. ಈ ಗುಂಪಿನಲ್ಲಿ ಐಟಿಎಸ್-2 ಎಂಬ ಡಿಎನ್‌ಎ ತುಣುಕಿನ ದತ್ತಾಂಶವೂ ಇದ್ದರೇ ವಾದ ನಿಲ್ಲುತ್ತದೆ. ಅಲ್ಲಿಯವರೆಗೆ ಸೀಸೆಯ ಮೇಲೆ 'ಡೆಸ್ಮೋಡೆಸ್ಮಸ್ ಸಿಎಫ್. ಕಮ್ಯುನಿಸ್' (ಸಿಎಫ್. ಎಂದರೆ ಹೋಲುತ್ತದೆ, ಖಚಿತವಲ್ಲ) ಎಂದು ಬರೆದು, ಕೆರೆ, ದಿನಾಂಕ, ನೀರಿನ ಉಷ್ಣತೆ, ಪಿಎಚ್ ಸೇರಿಸಿಡಿ.